ಉಪ್ಪುನೀರಿನ ಟ್ಯಾಂಕ್‌ಗೆ ಸಿಗಡಿ ಬಿಡುವ ಮುನ್ನ: ಗಡಿಯಾರ ಬದಿಗಿಡಿ, ಉಪ್ಪು ಅಳೆಯಿರಿ

ಮೈಸೂರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡುವವರಲ್ಲಿ ಹೆಚ್ಚಿನವರು ಸಿಹಿನೀರಿನ ಮೀನು ಸಾಕಿ ಕೈ ಪಳಗಿಸಿಕೊಂಡವರು. ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್ ಎಲ್ಲ ನೋಡಿರುತ್ತಾರೆ. ಅಂಗಡಿಯಿಂದ ಮೀನು ತಂದರೆ ಕವರನ್ನು ಕಾಲು ಗಂಟೆ ಟ್ಯಾಂಕ್‌ನಲ್ಲಿ ತೇಲಿಬಿಟ್ಟು, ಆಮೇಲೆ ಬಿಚ್ಚಿ ಬಿಡುತ್ತಾರೆ. ಅಲ್ಲಿ ಅದು ನಡೆಯುತ್ತದೆ. ಸಮುದ್ರದ ಸಿಗಡಿಗೆ ನಡೆಯುವುದಿಲ್ಲ. ಕ್ಲೀನರ್ ಶ್ರಿಂಪ್ ತಂದು ಹಾಗೇ ಬಿಟ್ಟರೆ ಸಂಜೆವರೆಗೂ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಮರುದಿನ ಬೆಳಿಗ್ಗೆಯೋ, ಎರಡು ದಿನ ಬಿಟ್ಟೋ ಸತ್ತು ಬಿದ್ದಿರುತ್ತದೆ. ಟ್ಯಾಂಕೇ ಸರಿಯಿಲ್ಲವೇನೋ, ಅಂಗಡಿಯವರು ಕೆಟ್ಟ ಮಾಲು ಕೊಟ್ಟರೇನೋ ಅಂತ ಅನುಮಾನ ಬರುವುದು ಆಗಲೇ. ಬಹಳ ಸಲ ಎರಡೂ ಅಲ್ಲ. ಕವರಿನ ನೀರಿಗೂ ಟ್ಯಾಂಕಿನ ನೀರಿಗೂ ಉಪ್ಪಿನಲ್ಲಿದ್ದ ವ್ಯತ್ಯಾಸ ಅದನ್ನು ಕೊಂದಿರುತ್ತದೆ.

ಸಮುದ್ರದ ಮೀನಿನ ಮೈಯೊಳಗಿನ ಉಪ್ಪು ಹೊರಗಿನ ನೀರಿಗಿಂತ ತುಂಬಾ ಕಡಿಮೆ. ಅದರ ಕಿವಿರು ಹಗಲು ರಾತ್ರಿ ಹೆಚ್ಚಿನ ಉಪ್ಪನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಹಾಗಾಗಿ ಹೊರಗೆ ಸ್ವಲ್ಪ ಏರುಪೇರಾದರೂ ಮೀನು ತಡೆದುಕೊಳ್ಳುತ್ತದೆ. ಹವಳದ ದಿಬ್ಬಗಳಲ್ಲಿ ಬದುಕುವ ಸಿಗಡಿಗೆ ಆ ಶಕ್ತಿ ಕಡಿಮೆ. ಅದರ ಮೈಯೊಳಗಿನ ದ್ರವದ ಉಪ್ಪು ಹೊರಗಿನ ನೀರಿನ ಉಪ್ಪಿಗೆ ಹತ್ತಿರದಲ್ಲೇ ಇರುತ್ತದೆ. ಹೊರಗೆ ಉಪ್ಪು ದಿಢೀರನೆ ಏರಿದರೆ ಜೀವಕೋಶದ ನೀರು ಹೊರಗೆ ಹೋಗಿಬಿಡುತ್ತದೆ. ಇಳಿದರೆ ನೀರು ಒಳಕ್ಕೆ ನುಗ್ಗುತ್ತದೆ. ಪೆಟ್ಟು ಬಿದ್ದದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಆದಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ನಾವು ಏನೂ ಮಾಡುವ ಹಾಗಿರುವುದಿಲ್ಲ.

ಅದಕ್ಕೇ ಈ ಲೇಖನ ಪೂರ್ತಿ ಒಂದೇ ಮಾತಿನ ಸುತ್ತ ಇದೆ. ಅರ್ಧ ಗಂಟೆಯೋ ಎರಡು ಗಂಟೆಯೋ ಅಂತ ಗಡಿಯಾರ ನೋಡಬೇಡಿ. ಕವರಿನ ನೀರು ಅಳೆಯಿರಿ, ಟ್ಯಾಂಕಿನ ನೀರು ಅಳೆಯಿರಿ. ಎಷ್ಟು ಹೊತ್ತು ಬೇಕು ಅನ್ನುವುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.

ಕೊಳ್ಳುವ ಮೊದಲು ಟ್ಯಾಂಕ್ ನೋಡಿ

ಹೊಸ ಟ್ಯಾಂಕ್‌ಗೆ ಮೊದಲ ವಾರದಲ್ಲೇ ಸಿಗಡಿ ಬೇಡ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು-ಮರಳಿನಲ್ಲಿ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬರಬೇಕು. ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷ ಭಾಗ ನೀರಿನಲ್ಲಿ 20 ಭಾಗ) ಒಳಗಿದ್ದರೆ ಒಳ್ಳೆಯದು. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.4, ಉಪ್ಪಿನಂಶ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು), ಅಂದರೆ ಎಸ್‌ಜಿ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) ಸುಮಾರು 1.026. ಸಾಧಿಸಿದ ಮೇಲೆ ಈ ಅಂಕಿಗಳು ದಿನದಿಂದ ದಿನಕ್ಕೆ ಅಲ್ಲಾಡದೆ ನಿಲ್ಲುವುದು ಇನ್ನೂ ಮುಖ್ಯ.

ಉಪ್ಪು ಅಳೆಯಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳ್ಳು ತೇಲುವ ಹೈಡ್ರೋಮೀಟರ್ ಸಿಗುತ್ತದೆ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅದು ತಪ್ಪು ತೋರಿಸುತ್ತದೆ. ಬೆಳಕು ಎಷ್ಟು ಬಾಗುತ್ತದೆ ಅನ್ನುವುದರಿಂದ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿ. ಅದನ್ನು ಬರೀ ಆರ್‌ಒ ನೀರು ಹಾಕಿ ಸೊನ್ನೆಗೆ ಕೂಡಿಸಿದರೆ ಸಾಲದು. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರವ ಒಂದು ಸಣ್ಣ ಬಾಟಲಿ ಇಟ್ಟುಕೊಳ್ಳಿ. ನಮಗೆ ಬೇಕಾದ ಅಂಕಿ 35ರ ಆಸುಪಾಸಿನಲ್ಲಿದೆ, ಸಾಧನ ಸರಿ ಹೇಳಬೇಕಾದದ್ದೂ ಅಲ್ಲೇ. ಎರಡು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು, ಆಮೇಲೆ ಬೆಳಕಿಗೆ ಹಿಡಿದು ನೋಡಿ.

ಇನ್ನು ನೀರು. ಮೈಸೂರಿನ ನಲ್ಲಿಯಲ್ಲಿ ಬರುವುದು ಕಾವೇರಿ, ಕಬಿನಿ ನೀರು. ನಮಗೆ ಕುಡಿಯಲು ಒಳ್ಳೆಯದೇ, ಆದರೆ ಕ್ಲೋರಿನ್ ಹಾಕಿರುತ್ತಾರೆ. ಬೋರ್‌ವೆಲ್ ನೀರಾದರೆ ಗಡಸು ಜಾಸ್ತಿ. ಎರಡನ್ನೂ ನೇರವಾಗಿ ಸಮುದ್ರದ ಉಪ್ಪಿನ ಮಿಶ್ರಣಕ್ಕೆ ಬಳಸಬೇಡಿ, ಆರ್‌ಒ ನೀರು ಬಳಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಮನೆಯ ಅಡುಗೆಮನೆಯಲ್ಲಿರುವ ಎಷ್ಟೋ ಆರ್‌ಒ ಯಂತ್ರಗಳಲ್ಲಿ ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ತಿರುಪು ಇರುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಇರುತ್ತದೆ, ಇನ್ನು ಕೆಲವದರಲ್ಲಿ ತಾಮ್ರದ ಕಾರ್ಟ್ರಿಜ್ ಕೂಡ. ಸರ್ವಿಸ್‌ನವರನ್ನು ಕೇಳಿ, ಇವೆಲ್ಲಕ್ಕಿಂತ ಮೊದಲೇ, ಮೆಂಬ್ರೇನ್ ದಾಟಿದ ಕೂಡಲೇ ನೀರು ತೆಗೆದುಕೊಳ್ಳುವ ಹಾಗೆ ಒಂದು ಕವಲು ಹಾಕಿಸಿಕೊಳ್ಳಿ. ಟಿಡಿಎಸ್ ಮೀಟರ್ ಹಾಕಿದರೆ ಒಂದಂಕಿಯಲ್ಲೋ ಅದರ ಹತ್ತಿರವೋ ಬರಬೇಕು.

ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಆಗುವುದಿಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ. ಅಕ್ವೇರಿಯಂಗಾಗಿ ಮಾಡಿದ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು. ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಹಿಡಿಯುತ್ತದೆ. ಬೇರೆ ಬಕೆಟ್‌ನಲ್ಲಿ ಕರಗಿಸಿ, ಸಣ್ಣ ಪಂಪ್ ಹಾಕಿ ಒಂದು ದಿನ ತಿರುಗಿಸಿ, ಅಳೆದು, ಆಮೇಲೆ ಬಳಸಿ. ಮಂಗಳೂರಿಗೆ ಹೋದಾಗ ಕ್ಯಾನ್‌ನಲ್ಲಿ ಕಡಲ ನೀರು ತರಬಹುದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಜಾಗ ಅದು. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ತುಂಬಾ ಇಳಿಯುತ್ತದೆ. ದೋಣಿಗಳ ಡೀಸೆಲ್ ಬೇರೆ ಸೇರಿರುತ್ತದೆ.

ತಾಮ್ರ ಮತ್ತು ಸೊಳ್ಳೆ ಔಷಧ

ಈ ಎರಡನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಎರಡೂ ಇರುತ್ತವೆ.

ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಸಯಾನಿನ್ ಅನ್ನುವ ಪ್ರೋಟೀನ್‌ನಲ್ಲೇ ತಾಮ್ರ ಇದೆ. ಹಾಗಂತ ನೀರಿನಲ್ಲಿ ತಾಮ್ರ ಇದ್ದರೆ ಅದಕ್ಕೆ ವಿಷ. ತೀರಾ ಸ್ವಲ್ಪ ಇದ್ದರೂ ಸಾಯುತ್ತದೆ. ಮೀನಿನ ವೈಟ್ ಸ್ಪಾಟ್ ರೋಗಕ್ಕೆ ಕೊಡುವ ಎಷ್ಟೋ ಔಷಧಗಳಲ್ಲಿ ತಾಮ್ರ ಇರುತ್ತದೆ. ಆ ಔಷಧ ಹಾಕಿದ್ದ ಟ್ಯಾಂಕಿನ ಕಲ್ಲು, ಮರಳು ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುತ್ತವೆ. ಹಳೆ ಟ್ಯಾಂಕ್ ಯಾರಿಂದಲಾದರೂ ತೆಗೆದುಕೊಂಡಿದ್ದರೆ ಈ ಪ್ರಶ್ನೆ ಕೇಳಿ, ತಾಮ್ರದ ಟೆಸ್ಟ್ ಕಿಟ್ ಹಾಕಿ ನೋಡಿ. ಅನುಮಾನವಿದ್ದರೆ ಕಲ್ಲು-ಮರಳು ಬದಲಿಸಿಬಿಡಿ. ಕಲ್ಲು ಬದಲಿಸುವಾಗ ನಿಜವಾದ ಹವಳ ಹುಡುಕಿಕೊಂಡು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದಲ್ಲಿ ಹವಳಕ್ಕೆ ರಕ್ಷಣೆ ಇದೆ. ಸೆರಾಮಿಕ್ ಕಲ್ಲು, ಕೃತಕವಾಗಿ ಮಾಡಿದ ಕಲ್ಲು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ನೀರು ತುಂಬಲು, ಬಗ್ಗಿಸಲು ತಾಮ್ರದ ಚೊಂಬು, ಹಿತ್ತಾಳೆ ಪಾತ್ರೆ ಯಾವುದನ್ನೂ ಮುಟ್ಟಬೇಡಿ. ಹಿತ್ತಾಳೆಯಲ್ಲೂ ತಾಮ್ರವೇ ಇರುವುದು. ರಾತ್ರಿ ತಾಮ್ರದ ಪಾತ್ರೆಯಲ್ಲಿ ತುಂಬಿಟ್ಟ ಕುಡಿಯುವ ನೀರನ್ನು ಮನೆಯವರು ಯಾರಾದರೂ ಟ್ಯಾಂಕ್‌ಗೆ ಸುರಿದುಬಿಡಬಹುದು. ಅವರಿಗೂ ಮೊದಲೇ ಹೇಳಿಡಿ. ಪ್ಲಾಸ್ಟಿಕ್ ಜಗ್ ಒಂದನ್ನು ಟ್ಯಾಂಕ್‌ಗೆಂದೇ ಮೀಸಲಿಟ್ಟು, ಸೋಪು ಹಾಕಿ ತೊಳೆಯದೆ ಇಟ್ಟುಕೊಂಡರೆ ಈ ಚಿಂತೆಯೇ ಇಲ್ಲ.

ಸೊಳ್ಳೆಗೆ ಹಾಕುವ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇಗಳಲ್ಲಿರುವುದು ಬಹುಮಟ್ಟಿಗೆ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಕೀಟಕ್ಕೂ ಸಿಗಡಿಗೂ ದೇಹರಚನೆಯಲ್ಲಿ ಹತ್ತಿರದ ನಂಟು. ಮೀನಿಗೂ ಅದು ಒಳ್ಳೆಯದಲ್ಲ, ಸಿಗಡಿಗಂತೂ ಬಹಳ ಬೇಗ ತಾಗುತ್ತದೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಅನ್ನುವುದು ನೆನಪಿರಲಿ. ಟ್ಯಾಂಕ್ ಇರುವ ಕೋಣೆಯಲ್ಲಿ ಕಿಟಕಿಗೆ ಜಾಲರಿ ಹಾಕಿಸಿ, ಸೊಳ್ಳೆ ಔಷಧ ನಿಲ್ಲಿಸಿ.

ಅಂಗಡಿಯಲ್ಲಿ

ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಕ್ಲೀನರ್ ಶ್ರಿಂಪ್ ಅಥವಾ ಪೆಪ್ಪರ್‌ಮಿಂಟ್ ಶ್ರಿಂಪ್. ಕ್ಲೀನರ್‌ಗೆ ಬೆನ್ನ ಮೇಲೆ ಕೆಂಪು ಪಟ್ಟೆ, ನಡುವೆ ಒಂದು ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆ. ಮೀನುಗಳ ಮೈಮೇಲೆ ಹತ್ತಿ ಸತ್ತ ಚರ್ಮ, ಪರಾವಲಂಬಿಗಳನ್ನು ಹೆಕ್ಕಿ ತಿನ್ನುವ ಆ ದೃಶ್ಯವನ್ನು ಎಷ್ಟು ಹೊತ್ತು ನೋಡಿದರೂ ಬೇಸರವಾಗುವುದಿಲ್ಲ. ಪೆಪ್ಪರ್‌ಮಿಂಟ್ ಕೇಳಿದರೆ ಕ್ಯಾಮೆಲ್ ಶ್ರಿಂಪ್ ಕೊಡುವುದೂ ಉಂಟು. ಕ್ಯಾಮೆಲ್‌ಗೆ ಬೆನ್ನು ಉಬ್ಬಿಕೊಂಡು ಗೂನಾಗಿರುತ್ತದೆ, ಕಣ್ಣು ದೊಡ್ಡದು, ಕೆಂಪಿನ ನಡುವೆ ಬಿಳಿ ಗೆರೆ-ಚುಕ್ಕಿ ಎದ್ದು ಕಾಣುತ್ತದೆ. ಅದು ಮೃದು ಹವಳಗಳನ್ನು ಕಿತ್ತು ತಿನ್ನಬಲ್ಲದು. ಕೋರಲ್ ಬ್ಯಾಂಡೆಡ್ ಶ್ರಿಂಪ್ ಗಟ್ಟಿ ಜೀವಿ, ನೋಡಲು ಚೆಂದ. ಆದರೆ ತನ್ನ ಜಾತಿಯ ಇನ್ನೊಂದನ್ನು ಸಹಿಸುವುದಿಲ್ಲ. ಜೋಡಿ ಅಂತ ಖಚಿತವಿಲ್ಲದಿದ್ದರೆ ಒಂದೇ ಸಾಕು.

ನಾಲ್ಕು ವಿಷಯ ಕೇಳಿ. ಈ ನೀರಿನ ಉಪ್ಪು ಎಷ್ಟು? ಈ ಸಾಲಿನ ಟ್ಯಾಂಕ್‌ಗಳಿಗೆ ತಾಮ್ರದ ಔಷಧ ಹಾಕುತ್ತೀರಾ? ಸಿಗಡಿ ಬಂದು ಎಷ್ಟು ದಿನವಾಯಿತು? ನನ್ನೆದುರು ಒಂದು ಚೂರು ಊಟ ಹಾಕುತ್ತೀರಾ? ಕೊನೆಯದು ಬಹಳ ಮುಖ್ಯ. ಬಂದು ಒಂದು ವಾರ ಕಳೆದು, ಊಟಕ್ಕೆ ಮುಂದೆ ಬರುವ ಸಿಗಡಿ ಅರ್ಧ ಗೆದ್ದ ಹಾಗೆ. ಮೈ ಗಾಜಿನಂತೆ ತಿಳಿಯಾಗಿರಬೇಕು. ಬಾಲದ ಹತ್ತಿರ ಮಾಂಸ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಬಿಡಿ. ಒಂದು ಮೀಸೆ ತುಂಡಾಗಿದ್ದರೆ ಚಿಂತೆಯಿಲ್ಲ, ಪೊರೆ ಕಳಚಿದಾಗ ಮತ್ತೆ ಬೆಳೆಯುತ್ತದೆ.

ಮೀನು ಮಾತ್ರ ಇಟ್ಟ ಟ್ಯಾಂಕ್‌ಗಳಲ್ಲಿ ಕೆಲವು ಅಂಗಡಿಗಳು ಉಪ್ಪನ್ನು ಬೇಕೆಂದೇ ಕಡಿಮೆ ಇಡುತ್ತವೆ. ಉಪ್ಪಿನ ಖರ್ಚೂ ಉಳಿಯುತ್ತದೆ, ಮೀನಿನ ಪರಾವಲಂಬಿಗಳ ಕಾಟವೂ ತಗ್ಗುತ್ತದೆ. ಎಸ್‌ಜಿ 1.020 ಅಂದರೆ ಸುಮಾರು 27 ಪಿಪಿಟಿ. ನಿಮ್ಮ ಟ್ಯಾಂಕ್ 35. ನಡುವೆ 8 ಪಿಪಿಟಿ ಅಂತರ. ಸಿಗಡಿಯ ಮಟ್ಟಿಗೆ ಅದು ಬೇರೆಯೇ ಲೋಕ.

ಒಂದು ಕವರಿಗೆ ಒಂದೇ ಸಿಗಡಿ, ಎರಡು ಪದರದ ಕವರ್, ಆಕ್ಸಿಜನ್ ತುಂಬಿ ಕಟ್ಟಿಸಿ. ಬೆಂಗಳೂರಿನಿಂದ ತರುವವರು ಥರ್ಮಕೋಲ್ ಡಬ್ಬಿ ಮೊದಲೇ ಒಯ್ಯಿರಿ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ದಾರಿ ಬೇಗ ಮುಗಿಯುತ್ತದೆ ನಿಜ. ಆದರೂ ಮಂಡ್ಯದಲ್ಲೋ ಮದ್ದೂರಿನಲ್ಲೋ ಊಟಕ್ಕೆ ನಿಲ್ಲಿಸಿ, ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಡಬ್ಬಿ ಬಿಟ್ಟು ಹೋದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಡಬ್ಬಿ ನಿಮ್ಮ ಜೊತೆ ಇರಲಿ, ಇಲ್ಲವೇ ಒಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಕೂತಿರಲಿ.

ಮನೆಗೆ ಬಂದ ಮೇಲೆ

ಬೇಕಾದ ಸಾಮಾನನ್ನು ಮೊದಲೇ ಜೋಡಿಸಿಡಿ. ಒಂದೂವರೆ-ಎರಡು ಲೀಟರ್ ಹಿಡಿಯುವ ಹೊಸ ಪ್ಲಾಸ್ಟಿಕ್ ಡಬ್ಬಿ, ಥರ್ಮಾಮೀಟರ್, ರಿಫ್ರಾಕ್ಟೋಮೀಟರ್, ಅಮೋನಿಯಾ ಟೆಸ್ಟ್ ಕಿಟ್, ಹನಿ ಬಿಡುವ ಕೊಳವೆ. ಕೊಳವೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಸೆಟ್ ತುಂಬಾ ಅನುಕೂಲ. ಎರಡೂ ತುದಿಯ ಚೂಪು ಭಾಗ, ಹನಿ ಕಾಣುವ ಕೋಶ ಎಲ್ಲ ಕತ್ತರಿಸಿ ಬಿಸಾಡಿ. ಉದ್ದನೆಯ ಕೊಳವೆ ಮತ್ತು ಅದರ ಮೇಲಿನ ಪುಟ್ಟ ಚಕ್ರ ಇದ್ದರೆ ಸಾಕು. ಚಕ್ರ ತಿರುಗಿಸಿದರೆ ಹನಿಯ ವೇಗ ನಿಮ್ಮ ಕೈಯಲ್ಲಿ. ಏರ್ ಪಂಪ್ ಕೊಳವೆಗೆ ಗಂಟು ಹಾಕಿಯೂ ಮಾಡಬಹುದು, ಆದರೆ ಗಂಟು ಸಡಿಲವಾಗಿ ಮಧ್ಯದಲ್ಲಿ ನೀರು ಧಾರೆಯಾಗಿ ಸುರಿಯುವ ಭಯವಿದೆ.

ಮೊದಲು ಟ್ಯಾಂಕಿನ ಲೈಟ್ ಆರಿಸಿ. ಕೋಣೆಯಲ್ಲೂ ಮಂದ ಬೆಳಕು ಸಾಕು. ಕವರನ್ನು ಬಿಚ್ಚದೆ 20 ನಿಮಿಷ ಟ್ಯಾಂಕ್‌ನಲ್ಲಿ ತೇಲಿಬಿಡಿ. ಇದು ಉಷ್ಣತೆ ಸಮ ಆಗುವುದಕ್ಕೆ ಮಾತ್ರ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗಿನ ಬಸ್ಸಿನಲ್ಲಿ ಬಂದ ಪಾರ್ಸೆಲ್ ತಣ್ಣಗೆ ಕೊರೆಯುತ್ತಿರುತ್ತದೆ. ಆಗ ಅರ್ಧ ಗಂಟೆಗೂ ಜಾಸ್ತಿ ಬೇಕಾಗಬಹುದು.

ಆಮೇಲೆ ಕವರ್ ಬಿಚ್ಚಿ, ಸಿಗಡಿಯನ್ನು ನೀರಿನ ಸಮೇತ ಡಬ್ಬಿಗೆ ಮೆಲ್ಲಗೆ ಇಳಿಸಿ. ಅದು ಮುಳುಗುವಷ್ಟು, ಸುಮಾರು ಅರ್ಧ ಲೀಟರ್ ನೀರು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯಿರಿ. ಈಗ ಅಳೆಯಿರಿ. ಕವರಿನ ನೀರು ಎಷ್ಟು, ಟ್ಯಾಂಕ್ ಎಷ್ಟು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಅಂತರ 1 ಪಿಪಿಟಿ ಒಳಗಿದ್ದರೆ ದೊಡ್ಡ ಕೆಲಸ ಇಲ್ಲ. ಟ್ಯಾಂಕಿನ ನೀರನ್ನು ಕೊಳವೆಯಿಂದ ಅರ್ಧ ಗಂಟೆ ಹನಿಹನಿಯಾಗಿ ಡಬ್ಬಿಗೆ ಬೀಳಿಸಿ, ಆಮೇಲೆ ಸಿಗಡಿಯನ್ನು ಟ್ಯಾಂಕ್‌ಗೆ ಬಿಡಿ. ಸುಮ್ನೆ ಎರಡು ಮೂರು ಗಂಟೆ ಡಬ್ಬಿಯಲ್ಲಿ ಕೂಡಿಹಾಕಿ ಸುಸ್ತು ಮಾಡುವುದರಿಂದ ಲಾಭವಿಲ್ಲ. ಅಂತರ 2ರಿಂದ 4 ಇದ್ದರೆ ಹನಿ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಜಾಸ್ತಿ ಇದ್ದರೆ ಉದ್ದನೆಯ ಹನಿ ಅಥವಾ ಮುಂದೆ ಹೇಳುವ ಪ್ರತ್ಯೇಕ ಟಬ್. ನನ್ನ ಮತ ಟಬ್ ಕಡೆಗೇ.

ಹನಿಯ ಲೆಕ್ಕ

ಡಬ್ಬಿಯನ್ನು ಟ್ಯಾಂಕಿಗಿಂತ ಕೆಳಗೆ ಇಡಿ. ಕೊಳವೆಯ ಒಂದು ತುದಿ ಟ್ಯಾಂಕ್‌ನಲ್ಲಿ ಮುಳುಗಿರಲಿ, ಮೇಲೆ ಕ್ಲಿಪ್ ಹಾಕಿ. ಇನ್ನೊಂದು ತುದಿಗೆ ಸೂಜಿ ಇಲ್ಲದ ಸಿರಿಂಜ್ ಸಿಕ್ಕಿಸಿ ಎಳೆದರೆ ನೀರು ಬರುತ್ತದೆ, ಬಾಯಿ ಹಾಕುವ ಅಗತ್ಯವಿಲ್ಲ. ಸೆಕೆಂಡಿಗೆ ಎಷ್ಟು ಹನಿ ಅಂತ ಎಣಿಸುವುದು ರೂಢಿ. ಆದರೆ ಹನಿಯ ಗಾತ್ರ ಕೊಳವೆಯಿಂದ ಕೊಳವೆಗೆ ಬದಲಾಗುತ್ತದೆ. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳವನ್ನು ಚೆನ್ನಾಗಿ ತೊಳೆದು ಅದನ್ನೇ ಕೊಳವೆ ಕೆಳಗೆ ಹಿಡಿಯಿರಿ. ನಿಮಿಷಕ್ಕೆ 8 ಮಿಲಿ ಬಿದ್ದರೆ ಸರಿಯಾದ ವೇಗ. ಅಂದರೆ ಗಂಟೆಗೆ ಹೆಚ್ಚುಕಡಿಮೆ ಅರ್ಧ ಲೀಟರ್.

ಈಗ ಗಮನಿಸಿ. ಅರ್ಧ ಲೀಟರ್ ಇದ್ದ ನೀರು ಒಂದು ಲೀಟರ್ ಆದಾಗ ಅಂತರ ಅರ್ಧಕ್ಕೆ ಇಳಿದಿರುತ್ತದೆ. ಕವರು 31, ಟ್ಯಾಂಕ್ 35 ಅಂದುಕೊಳ್ಳೋಣ. ಮೊದಲ ಗಂಟೆ ಮುಗಿದಾಗ ಡಬ್ಬಿಯಲ್ಲಿ 33. ಅರ್ಧ ಲೀಟರ್ ಮೊಗೆದು ಚೆಲ್ಲಿ, ಇನ್ನೊಂದು ಗಂಟೆ ಬಿಡಿ, 34 ಆಗುತ್ತದೆ. ಅಷ್ಟು ಸಾಕು. ಕವರು 27 ಇದ್ದರೆ ಮೊದಲ ಗಂಟೆಗೆ 31, ಎರಡನೆಯದಕ್ಕೆ 33, ಮೂರನೆಯದಕ್ಕೆ 34. ಮೊಗೆಯದೆ ಬರೀ ನೀರು ಸೇರಿಸುತ್ತಲೇ ಹೋದರೆ ಇಷ್ಟೇ ಬದಲಾವಣೆಗೆ ಮೂರೂವರೆ ಲೀಟರ್ ನೀರೂ ಏಳು ಗಂಟೆಯೂ ಬೇಕು. ಅದಕ್ಕೇ ಶುರುವಿನಲ್ಲಿ ನೀರು ಕಡಿಮೆ ಇಡುವುದು, ನಡುನಡುವೆ ಮೊಗೆಯುವುದು. ಪ್ರತಿ ಸಲ ಮೊಗೆದ ಮೇಲೂ ಒಂದು ಸಲ ಅಳೆಯಿರಿ. ಲೆಕ್ಕ ಸರಿಯಿದ್ದರೂ ಕಣ್ಣಾರೆ ನೋಡಿದ್ದೇ ನಂಬಿಕೆ.

ಮೂರು ಗಂಟೆಯಲ್ಲಿ ಡಬ್ಬಿಯ ನೀರು ಕೋಣೆಯ ಉಷ್ಣತೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಇದು ಉಪ್ಪಿನಷ್ಟೇ ತೊಂದರೆ ಕೊಡುತ್ತದೆ. ಸಿಗಡಿ ಬಂದ ಥರ್ಮಕೋಲ್ ಡಬ್ಬಿಯೊಳಗೇ ಪ್ಲಾಸ್ಟಿಕ್ ಡಬ್ಬಿ ಇಟ್ಟು ಹನಿ ಬಿಡಿ. 2 ಡಿಗ್ರಿಗಿಂತ ಜಾಸ್ತಿ ಇಳಿದರೆ ಡಬ್ಬಿಯನ್ನು ಸ್ವಲ್ಪ ಹೊತ್ತು ಟ್ಯಾಂಕ್‌ನಲ್ಲಿ ತೇಲಿಸಿ. ಡಬ್ಬಿಯ ಮೇಲೆ ಸಡಿಲವಾಗಿ ಒಂದು ಮುಚ್ಚಳ ಇರಲಿ, ಸಿಗಡಿ ಬಾಲ ಬಡಿದು ಹಾರಬಲ್ಲದು. ಟ್ಯಾಂಕಿನಿಂದ ಹೋದ ನೀರಿನ ಬದಲಿಗೆ ಮೊದಲೇ ಕಲಸಿಟ್ಟ ಉಪ್ಪುನೀರನ್ನು ತುಂಬಿ, ಸಿಹಿನೀರನ್ನಲ್ಲ.

ಸಿಗಡಿಯನ್ನು ನೋಡುತ್ತಲೇ ಇರಿ. ತಳದಲ್ಲಿ ನಿಂತು ಮೀಸೆ ಆಡಿಸುತ್ತಿದ್ದರೆ ಎಲ್ಲ ಸರಿ. ಮತ್ತೆ ಮತ್ತೆ ಹಿಂದಕ್ಕೆ ಚಿಮ್ಮುತ್ತಿದ್ದರೆ ಹನಿಯನ್ನು ಅರ್ಧಕ್ಕೆ ಇಳಿಸಿ. ಪಕ್ಕಕ್ಕೆ ಒರಗಿ ಕಾಲು ಮಾತ್ರ ಅಲ್ಲಾಡುತ್ತಿದ್ದರೆ ಮೊದಲು ಉಷ್ಣತೆ, ಆಮೇಲೆ ಅಮೋನಿಯಾ ನೋಡಿ.

ದೂರದಿಂದ ಬಂದ ಪಾರ್ಸೆಲ್

ಚೆನ್ನೈನಿಂದಲೋ ಮುಂಬೈನಿಂದಲೋ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಕವರಿನ ಕಥೆ ಬೇರೆ. ಮುಚ್ಚಿದ ಕವರಿನಲ್ಲಿ ಸಿಗಡಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಸೇರುತ್ತದೆ, ಪಿಎಚ್ ಇಳಿಯುತ್ತದೆ. ಅದರ ಮಲದಿಂದ, ಕಿವಿರಿನಿಂದ ಬಂದ ಅಮೋನಿಯಾ ಆ ಇಳಿದ ಪಿಎಚ್‌ನಲ್ಲಿ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಅಮೋನಿಯಂ ಅಷ್ಟು ವಿಷವಲ್ಲ. ಕವರ್ ಬಿಚ್ಚಿದ ಕೂಡಲೇ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ. ಅಮೋನಿಯಂ ವಿಷದ ಅಮೋನಿಯಾ ಆಗಿ ತಿರುಗುತ್ತದೆ. ಹನಿ ಬೀಳುತ್ತಿರುವ ಟ್ಯಾಂಕಿನ ನೀರೂ ಪಿಎಚ್ ಏರಿಸುತ್ತದೆ. ನಿಧಾನ ಮಾಡಿ ಉಳಿಸುತ್ತೇವೆ ಅಂತ ಹೊರಟು, ಅದೇ ಕೊಳೆ ನೀರಿನಲ್ಲಿ ಮೂರು ಗಂಟೆ ಕೂರಿಸಿ ಕೊಂದ ಹಾಗಾಗುತ್ತದೆ.

ಎಂಟು ಗಂಟೆಗಿಂತ ಜಾಸ್ತಿ ಕಟ್ಟಿದ್ದ ಕವರಾದರೆ, ಬಿಚ್ಚಿದ ತಕ್ಷಣ ಅಮೋನಿಯಾ ಹಿಡಿದಿಡುವ ಕಂಡಿಷನರ್ ಒಂದೆರಡು ಹನಿ ಹಾಕಿ. ಬಾಟಲಿಯ ಮೇಲಿನ ಅಳತೆ ಮೀರಬೇಡಿ. ಏರ್ ಸ್ಟೋನ್ ಹಾಕಿ ಜೋರಾಗಿ ಗಾಳಿ ಊದಬೇಡಿ, ಡೈಆಕ್ಸೈಡ್ ಇನ್ನೂ ಬೇಗ ಹೋಗುತ್ತದೆ. ಇಂಥ ಪಾರ್ಸೆಲ್‌ಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಟಬ್ ಸಿದ್ಧ ಮಾಡಿಟ್ಟುಕೊಳ್ಳುವುದು.

20 ಲೀಟರ್ ನೀರು ಹಿಡಿಯುವ ಟಬ್ ಅಥವಾ ಸಣ್ಣ ಟ್ಯಾಂಕ್ ಸಾಕು. ಒಂದು ಸ್ಪಂಜ್ ಫಿಲ್ಟರ್, ಅದನ್ನು ಒಂದು ತಿಂಗಳಾದರೂ ಮುಖ್ಯ ಟ್ಯಾಂಕ್‌ನಲ್ಲಿಟ್ಟು ಬ್ಯಾಕ್ಟೀರಿಯಾ ಹಿಡಿಸಿರಬೇಕು. ಹೀಟರ್, ಮುಚ್ಚಳ, ಅಡಗಲು ಪಿವಿಸಿ ಪೈಪಿನ ತುಂಡು. ಕಳಿಸುವವರನ್ನು ಹಿಂದಿನ ದಿನವೇ ಫೋನಿನಲ್ಲಿ ಉಪ್ಪು ಎಷ್ಟು ಅಂತ ಕೇಳಿ, ಟಬ್‌ನ ನೀರನ್ನು ಅಷ್ಟಕ್ಕೇ ತನ್ನಿ. ಪಾರ್ಸೆಲ್ ಬಂದ ಮೇಲೆ ಅಳೆದು ತಾಳೆ ನೋಡಿ. ಉಷ್ಣತೆ ಸಮ ಮಾಡಿ, ಕವರ್ ಬಿಚ್ಚಿ, ಹತ್ತು ಹದಿನೈದು ನಿಮಿಷದಲ್ಲಿ ಸಿಗಡಿಯನ್ನು ಟಬ್‌ಗೆ ಬಿಡಬಹುದು. ಕೊಳೆ ನೀರಿನಿಂದ ಬೇಗ ಪಾರು, ಉಪ್ಪಿನ ಪೆಟ್ಟೂ ಇಲ್ಲ.

ಮರುದಿನದಿಂದ ದಿನಕ್ಕೆ ಸುಮಾರು 1 ಪಿಪಿಟಿಯಂತೆ ಏರಿಸುತ್ತಾ ಬನ್ನಿ. ಇದಕ್ಕೆ 35ರ ನೀರು ಬಳಸಿದರೆ ಕೊನೆಕೊನೆಗೆ ಅರ್ಧ ಟಬ್ ಬದಲಿಸಬೇಕಾಗುತ್ತದೆ. ಅದರ ಬದಲು 45 ಪಿಪಿಟಿಯ, ಉಪ್ಪು ಜಾಸ್ತಿಯಿರುವ ನೀರನ್ನು ಬೇರೆಯಾಗಿ ಕಲಸಿಟ್ಟುಕೊಳ್ಳಿ. ದಿನಾ ಒಂದರಿಂದ ಎರಡು ಲೀಟರ್ ತೆಗೆದು, ಅಷ್ಟೇ ಅಳತೆಯ ಈ ನೀರನ್ನು ಹನಿಹನಿಯಾಗಿ ಸೇರಿಸಿ. 27ರಿಂದ ಶುರುವಾದದ್ದು ಸುಮಾರು ಎಂಟು ದಿನದಲ್ಲಿ 35ಕ್ಕೆ ಬರುತ್ತದೆ. ಆ ದಿನಗಳಲ್ಲಿ ಸಿಗಡಿ ಊಟ ಮಾಡುತ್ತದೆಯಾ, ಆರೋಗ್ಯವಾಗಿದೆಯಾ ಅನ್ನುವುದೂ ಹತ್ತಿರದಿಂದ ಕಾಣುತ್ತದೆ. ತ್ರಾಸ ಅನ್ನಿಸಬಹುದು. ಸಮುದ್ರದಿಂದ ಇಷ್ಟು ದೂರ ಬಂದ ಜೀವಕ್ಕೆ ಒಂದು ವಾರ ಕೊಡಬೇಕು, ಅಲ್ವಾ?

ಬಿಡುವುದು

ಸಂಜೆ, ಲೈಟ್ ಆರಿದ ಮೇಲೆ ಬಿಡಿ. ಅದಕ್ಕೆ ಮುಂಚೆ ಮೀನುಗಳಿಗೆ ಹೊಟ್ಟೆ ತುಂಬ ಊಟ ಹಾಕಿ. ಬಲೆ ಬೇಡ, ಕಾಲು ಮೀಸೆಗಳು ಸಿಕ್ಕಿಕೊಂಡು ಮುರಿಯುತ್ತವೆ. ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರಿನ ಸಮೇತ ಎತ್ತಿ, ಲೋಟವನ್ನು ಟ್ಯಾಂಕ್‌ನೊಳಗೆ ಕಲ್ಲಿನ ಸಂದಿಯ ಹತ್ತಿರ ಇಳಿಸಿ, ಓರೆ ಮಾಡಿ ಹಿಡಿಯಿರಿ. ತಾನಾಗಿಯೇ ಹೊರಗೆ ಹೋಗುತ್ತದೆ. ಲೋಟದಲ್ಲಿ ನೀರು ಆದಷ್ಟು ಕಡಿಮೆ ಇರಲಿ, ಡಬ್ಬಿಯಲ್ಲಿ ಉಳಿದದ್ದನ್ನು ಟ್ಯಾಂಕ್‌ಗೆ ಸುರಿಯಬೇಡಿ.

ಕ್ಲೌನ್ ಫಿಶ್, ಗೋಬಿ ಇದ್ದರೆ ಭಯವಿಲ್ಲ. ಲಯನ್ ಫಿಶ್, ಟ್ರಿಗರ್, ಹಾಕ್ ಫಿಶ್ ಇದ್ದ ಟ್ಯಾಂಕ್‌ಗೆ ಸಿಗಡಿ ತರುವ ಯೋಚನೆಯನ್ನೇ ಬಿಡಿ, ಅವುಗಳಿಗೆ ಅದು ಊಟ.

ಮೊದಲ ವಾರ

ಎರಡು ಮೂರು ದಿನ ಕಾಣಿಸದೆ ಇರಬಹುದು. ಕಲ್ಲು ಎತ್ತಿ ಹುಡುಕಬೇಡಿ. ರಾತ್ರಿ ಕೆಂಪು ಸೆಲೋಫೇನ್ ಸುತ್ತಿದ ಟಾರ್ಚ್ ಹಿಡಿದರೆ ಕಣ್ಣಿಗೆ ಬೀಳುತ್ತದೆ.

ಮೊದಲ ಕೆಲವು ದಿನಗಳಲ್ಲೇ ಪೊರೆ ಕಳಚುವುದು ಸಾಮಾನ್ಯ. ಬೆಳಿಗ್ಗೆ ಎದ್ದು ನೋಡಿದರೆ ಮೀಸೆ, ಕಾಲು, ಕಣ್ಣಿನ ಗುರುತು ಎಲ್ಲ ಇರುವ ಇಡೀ ಸಿಗಡಿ ತಳದಲ್ಲಿ ಬಿದ್ದಿರುತ್ತದೆ. ಎದೆ ಧಸಕ್ಕೆನ್ನುತ್ತದೆ. ಸತ್ತ ಸಿಗಡಿ ಕೆಲವೇ ಗಂಟೆಗಳಲ್ಲಿ ಗುಲಾಬಿ-ಬಿಳಿಯಾಗಿ ಮಂಕಾಗುತ್ತದೆ. ಪೊರೆಯಾದರೆ ಒಳಗೆ ಟೊಳ್ಳು, ತಲೆಯ ಹಿಂದೆ ಸೀಳಿರುತ್ತದೆ, ನೀರಿನ ಓಟಕ್ಕೆ ಹಗುರವಾಗಿ ಅಲ್ಲಾಡುತ್ತದೆ. ಪೊರೆಯನ್ನು ಒಂದೆರಡು ದಿನ ಅಲ್ಲೇ ಬಿಡಿ, ಸಿಗಡಿ ಅದನ್ನು ಮೆಲ್ಲುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದು ಹೊರಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಉಪ್ಪು ಏರುಪೇರಾದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಸಾಯುವುದುಂಟು. ಪೊರೆ ಸರಿಯಾಗಿ ಕಳಚಲಿ ಅಂತ ಅಯೋಡಿನ್ ಹನಿ ಹಾಕುವವರಿದ್ದಾರೆ. ಅಳೆಯದೆ ಹಾಕಿದರೆ ಅದೇ ಅಪಾಯ. ಉಪ್ಪಿನ ಮಿಶ್ರಣದಲ್ಲಿ ಇರುವುದು, ನೀರು ಬದಲಿಸುವುದರಿಂದ ಸಿಗುವುದು ಸಾಕು.

ಬಿಟ್ಟ ಮರುದಿನ ಮೈಸಿಸ್ (ಮೀನಿಗೆ ಹಾಕುವ ಪುಟ್ಟ ಸಿಗಡಿಯಂಥ ಜೀವಿ) ಒಂದೆರಡು ತುಣುಕನ್ನು ಉದ್ದನೆಯ ಪಿಪೆಟ್‌ನಿಂದ ಅದು ಅಡಗಿದ ಜಾಗದ ಹತ್ತಿರ ಬಿಡಿ. ತಿನ್ನದೆ ಉಳಿದದ್ದನ್ನು ಅರ್ಧ ಗಂಟೆ ಬಿಟ್ಟು ಹೀರಿ ತೆಗೆಯಿರಿ.

ಬೇಸಿಗೆಯಲ್ಲಿ ತಂದವರಿಗೆ ಇನ್ನೊಂದು ಕೆಲಸ ಇದೆ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮಲ್ಲಿ ಹಗಲು 35 ಡಿಗ್ರಿ ಹತ್ತಿರ ಹೋಗುತ್ತದೆ, ಟ್ಯಾಂಕ್ 29-30 ಮುಟ್ಟುತ್ತದೆ. ನೀರಿನ ಮೇಲೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ 2ರಿಂದ 3 ಡಿಗ್ರಿ ಇಳಿಯುತ್ತದೆ. ಇಳಿಯುವುದು ನೀರು ಆವಿಯಾಗುವುದರಿಂದ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಾಲ್ಕು ದಿನ ಗಮನಿಸದಿದ್ದರೆ 35 ಇದ್ದದ್ದು 37 ಆಗಿರುತ್ತದೆ. ಗಾಜಿನ ಮೇಲೆ ಟೇಪ್ ಅಂಟಿಸಿ ನೀರಿನ ಮಟ್ಟದ ಗೆರೆ ಹಾಕಿ, ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಆರ್‌ಒ ನೀರು ತುಂಬಿ. ಒಂದೇ ಸಲ ಎರಡು ಮೂರು ಲೀಟರ್ ಸುರಿಯುವುದಲ್ಲ, ಸ್ವಲ್ಪ ಸ್ವಲ್ಪವೇ. ಕರೆಂಟ್ ಹೋದರೆ ಫ್ಯಾನೂ ಇಲ್ಲ, ಪಂಪೂ ಇಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದನ್ನು ಟ್ಯಾಂಕ್ ಪಕ್ಕದಲ್ಲೇ ಇಟ್ಟಿರಿ. ವಾರಕ್ಕೊಮ್ಮೆ ಶೇಕಡಾ 10ರಷ್ಟು ನೀರು ಬದಲಿಸುವಾಗಲೂ ಹೊಸ ನೀರಿನ ಉಪ್ಪು, ಉಷ್ಣತೆ ಎರಡನ್ನೂ ಟ್ಯಾಂಕ್‌ನದರ ಜೊತೆ ತಾಳೆ ನೋಡಿಯೇ ಸುರಿಯಿರಿ.